ಅಜ್ಜನ ಜನಕ ಮನೆತನವನ್ನು ಹುಡುಕಲು ದತ್ತಕ ದಾಖಲೆ ಎಲ್ಲಿ ಸಿಗಬಹುದು?

ಪ್ರಶ್ನೆ:
ನಮ್ಮ ಮನೆತನದ ವಂಶಾವಳಿಯನ್ನು ಬರೆಯುತ್ತಿದ್ದೇನೆ. ತಂದೆಯ ತಂದೆ 1938ರ ಆಸುಪಾಸಿನಲ್ಲಿ, ಎಂಟು ವರ್ಷದವರಿದ್ದಾಗ, ಈಗಿನ ಹಾವೇರಿ ಜಿಲ್ಲೆಯ ಹಳ್ಳಿಯೊಂದಕ್ಕೆ ದತ್ತಕ ಬಂದವರು. ಅವರನ್ನು ತೆಗೆದುಕೊಂಡವರು ಮಕ್ಕಳಿಲ್ಲದ ವಿಧವೆ ಎಂಬುದಷ್ಟೇ ನಮಗೆ ಗೊತ್ತು. ಹುಟ್ಟಿದ ಮನೆಯ ಅಡ್ಡಹೆಸರನ್ನು ಅಜ್ಜ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಕೊರಗು ಈಗ ಬಿಡುತ್ತಿಲ್ಲ. ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿದರೆ, ಹುಡುಕಲು ಎರಡೂ ಕಡೆಯವರ ಹೆಸರು ಬೇಕೆಂದೂ ದತ್ತಕ ಪತ್ರದ ನಕಲನ್ನು ಎಲ್ಲರಿಗೂ ಕೊಡುವುದಿಲ್ಲವೆಂದೂ ಹೇಳಿದರು. ಇದು ನಿಜವೇ?

ಉತ್ತರ 1:
ನಿಜ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ದತ್ತಕ ಪತ್ರಗಳಂಥವು ಸೇರುವ 4ನೇ ಪುಸ್ತಕದ ನಕಲು ಮಾತ್ರ ಪತ್ರ ಬರೆದುಕೊಟ್ಟವರಿಗೆ, ಅದರ ಮೇಲೆ ಹಕ್ಕು ಹೇಳುವವರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಸಿಗುತ್ತದೆ. ನೀವು ಅಜ್ಜನ ವಾರಸುದಾರರೆಂಬುದಕ್ಕೆ ವಂಶವೃಕ್ಷವನ್ನು ಲಗತ್ತಿಸಿ ಲಿಖಿತ ಅರ್ಜಿ ಕೊಡಿ.

ಆದರೆ ಪತ್ರವೇ ಹುಟ್ಟಿರದಿದ್ದರೂ ಆಶ್ಚರ್ಯವಿಲ್ಲ. ದತ್ತಕಕ್ಕೆ ಮಗುವನ್ನು ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ಮುಖ್ಯವಾಗಿತ್ತೇ ಹೊರತು ಕಾಗದವಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ವಿಧವೆಗೆ ಗಂಡ ಕೊಟ್ಟ ಅಧಿಕಾರವೋ ಸಪಿಂಡರ, ಅಂದರೆ ಗಂಡನ ಹತ್ತಿರದ ರಕ್ತಸಂಬಂಧಿಗಳ, ಒಪ್ಪಿಗೆಯೋ ಬೇಕಿತ್ತು. ನಿಮ್ಮ ಕಡೆ ನಡೆಯುತ್ತಿದ್ದ ಮುಂಬಯಿ ಪ್ರಾಂತ್ಯದ ಪದ್ಧತಿಯಲ್ಲಿ ಗಂಡನ ಅಪ್ಪಣೆ ಬೇಕಿರಲಿಲ್ಲವಾದ್ದರಿಂದ ಅಂಥ ಅಧಿಕಾರ ಪತ್ರವೂ ಇರಲಾರದು. ಹಾಗಾಗಿ ನಾನಾದರೆ ಜಮೀನಿನಿಂದ ಹುಡುಕಲು ಶುರುಮಾಡುತ್ತೇನೆ. ವಿಧವೆಯ ಹೆಸರಿನಲ್ಲಿದ್ದ ಹೊಲ ಅಜ್ಜನ ಹೆಸರಿಗೆ ಬಂದಾಗಿನ ವಾರಸಾ ವರ್ದಿಯನ್ನು (ವಾರಸುದಾರರ ಹೆಸರಿಗೆ ಖಾತೆ ಬದಲಾದ ನಮೂದನ್ನು) ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೇಳಿ. ದತ್ತಕದ ಸಂಗತಿಯೂ, ಅದೃಷ್ಟವಿದ್ದರೆ ಜನಕ ತಂದೆಯ ಹೆಸರೂ ಅಲ್ಲಿ ನಮೂದಾಗಿರುತ್ತದೆ. ಎಂಟು ವರ್ಷದ ಹುಡುಗ ಶಾಲೆ ಬದಲಿಸಿರುವ ಸಾಧ್ಯತೆಯೂ ಇರುವುದರಿಂದ ಹಳೆಯ ಶಾಲಾ ದಾಖಲಾತಿ ಪುಸ್ತಕವನ್ನೂ ಬಿಡಬೇಡಿ.

ದಾಯಾದಿಗಳು ತಕರಾರು ತೆಗೆದಿದ್ದರಂತೂ ನ್ಯಾಯಾಲಯದ ತೀರ್ಪಿಗಿಂತ ಒಳ್ಳೆಯ ದಾಖಲೆ ಇಲ್ಲ, ಏಕೆಂದರೆ ಮಗುವನ್ನು ಕೊಟ್ಟವರು ಯಾರೆಂಬುದನ್ನು ಅಲ್ಲಿ ಸಾಕ್ಷಿಯಿಂದಲೇ ಸಾಬೀತುಪಡಿಸಬೇಕಿತ್ತು. ಧಾರವಾಡ ಸೀಮೆಯ ದತ್ತಕದ ದಾವೆಗಳು ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿವೆ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತೆಂಬುದನ್ನು ಮರೆಯದೆ ಅಲ್ಲಿಯೂ ವಿಚಾರಿಸಿ.

ಉತ್ತರ 2:
ಮಕ್ಕಳ ಸಂಸ್ಥೆಯಿಂದ ದತ್ತು ಬಂದವರ ದಾರಿ ಬೇರೆಯೇ ಆದ್ದರಿಂದ, ಮುಂದೆ ಇದನ್ನು ಓದುವವರಿಗಾಗಿ ಬರೆಯುತ್ತಿದ್ದೇನೆ. ನನ್ನ ತಾಯಿ ಹಾಗೆ ಬಂದವರು. ಅವರ ಪರವಾಗಿ ನಾನು ಕೊಟ್ಟ ಅರ್ಜಿ ತಿರಸ್ಕೃತವಾಯಿತು. ಮೂಲದ ಹುಡುಕಾಟವನ್ನು ಮೂರನೆಯವರು ನಡೆಸುವುದಕ್ಕೆ ದತ್ತು ನಿಯಮಾವಳಿ ಅವಕಾಶ ಕೊಡುವುದಿಲ್ಲ. ಕೊನೆಗೆ ಅಮ್ಮನೇ ಅರ್ಜಿ ಹಾಕಿದರು. ಹೆತ್ತವರು ತಮ್ಮ ಗುರುತನ್ನು ಗೋಪ್ಯವಾಗಿಡುವಂತೆ ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ ಅಥವಾ ಪತ್ತೆಯಾಗದಿದ್ದರೆ ಮಗುವನ್ನು ಒಪ್ಪಿಸಿದ ಕಾರಣ ಮತ್ತು ಸಂದರ್ಭಗಳನ್ನಷ್ಟೇ ತಿಳಿಸುತ್ತಾರೆ. ಮೊದಲು ನನಗೆ ಸಿಟ್ಟು ಬಂದಿತ್ತು. ಆದರೆ ಎಂದೋ ಮಗುವನ್ನು ಒಪ್ಪಿಸಿ ಬೇರೊಂದು ಬದುಕು ಕಟ್ಟಿಕೊಂಡ ಹೆಂಗಸಿನ ಬಾಗಿಲಲ್ಲಿ ಅಪರಿಚಿತನೊಬ್ಬ ಹೋಗಿ ನಿಲ್ಲುವುದನ್ನು ನೆನೆದಾಗ ಆ ನಿಯಮ ನ್ಯಾಯವೆಂದೇ ತೋರಿತು.

ಉತ್ತರ 3:
ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ದತ್ತಕ ಹೋದವನಿಗೆ ಹುಟ್ಟಿದ ಮನೆಯ ಆಸ್ತಿ ತಪ್ಪಿದರೂ ರಕ್ತಸಂಬಂಧದ ನಿಷೇಧ ತಪ್ಪುವುದಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಆದ್ದರಿಂದ ನಿಮ್ಮವರು ಯಾವ ಮನೆಯೊಂದಿಗೆ ಹೆಣ್ಣು ಕೊಟ್ಟು ತರುವುದಿಲ್ಲ ಎಂದು ವಿಚಾರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಸೋದರತ್ತೆಗೆ ಫೋನ್ ಮಾಡಿದೆ. ಅವರು ತಡವರಿಸದೆ ಒಂದು ಅಡ್ಡಹೆಸರನ್ನು ಹೇಳಿ, “ಅವರು ನಮಗೆ ಅಣ್ಣತಮ್ಮರಾಗಬೇಕು, ಬೀಗತನ ಮಾಡಬಾರದು ಅಂತ ಅಪ್ಪ ಹೇಳಿದ್ದ” ಎಂದರು. ಆ ಹೆಸರನ್ನು ಬರೆದು ಸೋಮವಾರ ಉಪನೋಂದಣಿ ಕಚೇರಿಗೆ ಅರ್ಜಿ ಕೊಡುತ್ತೇನೆ.