ಪದ ಬೇಕು (ತುರ್ತು): 'ಸೆಲ್ಫ್ ಕಂಪ್ಯಾಶನ್'ಗೆ ಕನ್ನಡದಲ್ಲಿ ಏನು ಬರೆಸೋಣ?

ಆಪ್ತ ಸಮಾಲೋಚಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅದಕ್ಕೆ ಆಸ್ಪತ್ರೆಯಲ್ಲಿ ನಮ್ಮ ಕೋಣೆಯ ಹೊರಗೋಡೆ ಮೇಲೆ ನಾಲ್ಕು ಸಾಲು ಬರೆಸಬೇಕು. ಪೇಂಟರ್ ನಾಳೆ ಸಂಜೆ ಬರುತ್ತಾರೆ. ಒಂದೇ ಪದಕ್ಕೆ ಕೆಲಸ ನಿಂತಿದೆ: ಸೆಲ್ಫ್ ಕಂಪ್ಯಾಶನ್.

ಅರ್ಥ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಅಳೆಯಲು 26 ಹೇಳಿಕೆಗಳ ಪಟ್ಟಿ ಮಾಡಿದರು. ಸೋತಾಗ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೋ, ಮೆತ್ತಗೆ ನಡೆಸಿಕೊಳ್ಳುತ್ತೇವೋ. ಈ ಕಷ್ಟ ನನಗೊಬ್ಬನಿಗೇ ಅಂತ ಮೂಲೆ ಸೇರುತ್ತೇವೋ, ಮನುಷ್ಯರಾದವರಿಗೆಲ್ಲ ಬರುವಂಥದ್ದು ಅಂದುಕೊಳ್ಳುತ್ತೇವೋ. ನೋವನ್ನು ಇದ್ದಷ್ಟೇ ನೋಡುತ್ತೇವೋ, ಅದರಲ್ಲೇ ಮುಳುಗುತ್ತೇವೋ. ಆ ಪಟ್ಟಿ ಕೇಳುವುದು ಇಷ್ಟನ್ನೇ. 2012ರಲ್ಲಿ ಮ್ಯಾಕ್‌ಬೆತ್ ಮತ್ತು ಗಮ್ಲಿ ಎಂಬ ಇಬ್ಬರು 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಈ ಗುಣ ಜಾಸ್ತಿ ಇದ್ದವರಲ್ಲಿ ಖಿನ್ನತೆ, ಆತಂಕ, ಒತ್ತಡ ಕಡಿಮೆ ಇತ್ತು. ಇದರಿಂದಲೇ ಅದು ಅಂತ ಅಷ್ಟಕ್ಕೇ ಹೇಳಲಾಗುವುದಿಲ್ಲ. ಆದರೆ ನಂಟು ಗಟ್ಟಿಯಾಗಿದೆ.

ನನಗೆ ಹೊಳೆದವು: ಸ್ವಾನುಕಂಪ, ಸ್ವಮರುಕ, ಆತ್ಮಕರುಣೆ. ಗೋಡೆ ಓದುವವರು ಸಾಲ ತಲೆ ಮೇಲಿರುವ ತೊಗರಿ ರೈತರು, ಮನೆ ಮತ್ತು ನೌಕರಿ ಎರಡನ್ನೂ ಹೊತ್ತ ಹೆಂಗಸರು. ನಾಳೆ ಮಧ್ಯಾಹ್ನದೊಳಗೆ ದಯವಿಟ್ಟು ತಿಳಿಸಿ.

ನಿವೃತ್ತ ಕನ್ನಡ ಅಧ್ಯಾಪಕ, ಬೀದರ್

'ಸ್ವಮರುಕ' ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಒಪ್ಪಿದ ವಿನಾಯಿತಿಗಳಲ್ಲಿ ಇದು ಸೇರುವುದಿಲ್ಲ. ಕೈಬಿಡಿ. 'ಸ್ವಾನುಕಂಪ' ಸವರ್ಣದೀರ್ಘ, ಶುದ್ಧ ರೂಪ. ಅದನ್ನೇ ಬರೆಸಿ.

ಅನುವಾದಕ, ಯಾದಗಿರಿ

ಸರ್, ರೂಪ ಶುದ್ಧವಿದ್ದರೆ ಸಾಕೇ? ಸ್ವಾನುಕಂಪ, ಸ್ವಮರುಕ ಎರಡನ್ನೂ ವಿಮರ್ಶಕರು ತೆಗಳುವುದಕ್ಕೇ ಬಳಸಿದ್ದಾರೆ. ಕವಿತೆ ಸ್ವಮರುಕದಲ್ಲಿ ಮುಳುಗಿದೆ ಅಂದರೆ ಕವಿ ತನ್ನ ಗೋಳನ್ನಷ್ಟೇ ತೋಡಿಕೊಂಡಿದ್ದಾನೆ ಅಂತ. ಮೇಡಂ ಹೇಳಿದ 'ನನಗೊಬ್ಬನಿಗೇ ಹೀಗೆ' ಅನ್ನುವುದು ಇದೇ ಅಲ್ವಾ? ಬೇಕಾದದ್ದಕ್ಕೆ ಪೂರ್ತಿ ಉಲ್ಟಾ.

ಇನ್ನು 'ಅನುಕಂಪ' ಅಂದರೆ ನಮ್ಮ ಕಡೆ ಜನರಿಗೆ ಮೊದಲು ನೆನಪಾಗುವುದು ಸರಕಾರಿ ನೌಕರಿ. ನೌಕರಿಯಲ್ಲಿದ್ದವರು ತೀರಿಕೊಂಡರೆ ಮನೆಯವರಿಗೆ ಸಿಗುತ್ತದಲ್ಲ, ಅದು. ಆ ಪದ ಗೋಡೆ ಮೇಲೆ ಕಂಡರೆ ಕಣ್ಮುಂದೆ ಬರುವುದು ಸಾವು ಮತ್ತು ಅರ್ಜಿ. 'ನಿಮ್ಮ ಬಗ್ಗೆ ಕಾಳಜಿ ಇರಲಿ' ಅಂದರೆ ಸಾಕು.

ಅಚ್ಚಗನ್ನಡ ಆಸಕ್ತ, ಸೇಡಂ

ಕಾಳಜಿ ಮರಾಠಿ. ನಮ್ಮದೇ 'ಅಕ್ಕರೆ' ಇದೆ. ಹಳಗನ್ನಡದಲ್ಲಿ ಅಕ್ಕಱು, ಶಕಟರೇಫ (ಱ ಎಂಬ ಹಳೆಯ ಅಕ್ಷರ) ಗಮನಿಸಿ. ತಮಿಳಿನ ಅಕ್ಕಱೈ ಇದರ ನಂಟಪದ. ಅಲ್ಲಿ ಅದಕ್ಕೆ ನೀವು ಹೇಳುವ ಕಾಳಜಿಯದೇ ಅರ್ಥ. ಆದ್ದರಿಂದ 'ತನ್ನಕ್ಕರೆ'. ಲೋಪಸಂಧಿ, ಒಂದೇ ಪದ, ಎರವಲಿಲ್ಲ.

ಆಪ್ತ ಸಮಾಲೋಚಕಿ, ಕಲಬುರಗಿ

'ತನ್ನಕ್ಕರೆ' ಅಂತ ಬರೆಸಿದರೆ ಜನ ಸಕ್ಕರೆ ಅಂತ ಓದುತ್ತಾರೆ. ಅದೇ ಪಡಸಾಲೆಯಲ್ಲಿ ಶುಗರ್ ಪರೀಕ್ಷೆಗೂ ಸಾಲು ನಿಂತಿರುತ್ತದೆ. 'ಕಾಳಜಿ'ಗೆ ತೊಂದರೆಯೇ ಬೇರೆ. ಹೊತ್ತಿಗೆ ಉಣ್ಣುವುದು, ಮಾತ್ರೆ ನುಂಗುವುದು, ಬಿಪಿ ನೋಡಿಸುವುದು ಎಲ್ಲ ಅದರಲ್ಲಿ ಬರುತ್ತವೆ. ತನ್ನನ್ನು ತಾನು ಬೈದುಕೊಳ್ಳುವುದನ್ನು ನಿಲ್ಲಿಸುವುದು ಬರುವುದಿಲ್ಲ. ನನಗೆ ಬೇಕಾಗಿರುವುದೇ ಅದು.

ಅಚ್ಚಗನ್ನಡ ಆಸಕ್ತ, ಸೇಡಂ

ಸಕ್ಕರೆ ಅಂತ ಓದಿದರೆ ಅದು ಓದುವವರ ರೂಢಿ, ಪದದ ತಪ್ಪಲ್ಲ. ಹೊಸ ಕನ್ನಡ ಪದ ತಂದಾಗಲೆಲ್ಲ ಇದೇ ಮಾತು. ಮರಾಠಿ, ಉರ್ದು ಒಳಗೆ ಬಂದಾಗ ಯಾರೂ ಹೀಗೆ ತಡೆಯಲಿಲ್ಲ.

ಅನುವಾದಕ, ಯಾದಗಿರಿ

ತಡೆಯಬೇಕಾಗಿಯೂ ಇರಲಿಲ್ಲ. 1948ರವರೆಗೆ, ನಿಜಾಮರ ಆಳ್ವಿಕೆಯಲ್ಲಿ, ಇಲ್ಲಿ ಕಚೇರಿ ಭಾಷೆ ಉರ್ದು. ಆದರೂ ಮನೆಯಲ್ಲಿ, ಹೊಲದಲ್ಲಿ ಕನ್ನಡ ಉಳಿಯಿತು. ಪದ ಇಸ್ಕೊಂಡಿದ್ದಕ್ಕೆ ಅದೇನೂ ಸಾಯಲಿಲ್ಲ. ತಪ್ಪು ಮಾಡಿ ಕುಗ್ಗಿ ಕೂತವರಿಗೆ ಬೀದರಿನಿಂದ ಮೈಸೂರಿನ ತನಕ ಎಲ್ಲರೂ ಏನು ಹೇಳುತ್ತಾರೆ? 'ಪರವಾಗಿಲ್ಲ'. ಅದರಲ್ಲಿರುವ 'ಪರವಾ' ಫಾರಸಿ. ಮೇಡಂ ಹುಡುಕುತ್ತಿರುವ ಭಾವ ಅದಕ್ಕಿಂತ ಚೆನ್ನಾಗಿ ಇನ್ಯಾವ ಪದದಲ್ಲಿದೆ? ಅದನ್ನೂ ತೆಗೆದುಹಾಕುತ್ತೀರಾ?

ಅಚ್ಚಗನ್ನಡ ಆಸಕ್ತ, ಸೇಡಂ

ಅದು ಆಡುಮಾತು. ಇಲ್ಲಿ ಕೇಳಿರುವುದು ಅರಿಮೆಯ (ಶಾಸ್ತ್ರದ) ಪದ.

ನಿವೃತ್ತ ಕನ್ನಡ ಅಧ್ಯಾಪಕ, ಬೀದರ್

ಎರವಲಿನ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಬಸವಣ್ಣನವರ ಪ್ರಯೋಗವೇ ಇದೆ: 'ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ'. ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇರುವಾಗ ಪದಕ್ಕೆ ತಮಿಳಿನವರೆಗೆ ಹೋಗಬೇಕೇ? 'ಮನಸಂತೈಕೆ' ಅನ್ನಿ. 'ಮನ' ತದ್ಭವ, ಅರಿಸಮಾಸದ ದೋಷವೂ ಇಲ್ಲ.

ಇತಿಹಾಸ ಓದುಗ, ಚಿತ್ತಾಪುರ

ಗುರುಗಳೇ, ಆ ವಚನ ಶುರುವಾಗುವುದು 'ಲೋಕದ ಡೊಂಕ ನೀವೇಕೆ ತಿದ್ದುವಿರಿ' ಅಂತ. ಊರಿನವರನ್ನು ತಿದ್ದುವ ಮೊದಲು ನಿಮ್ಮನ್ನು ಸರಿಮಾಡಿಕೊಳ್ಳಿ ಅನ್ನುವ ಗದರಿಕೆ ಅದು. ನಾನೇ ಸರಿಯಿಲ್ಲ ಅಂತ ದಿನಾ ಕೊರಗುವವರ ಮುಂದೆ ಇದನ್ನು ಇಟ್ಟರೆ ಇನ್ನೊಂದು ಏಟು ಕೊಟ್ಟ ಹಾಗೆ.

'ಕರುಣೆ'ಯನ್ನು ಯಾಕೆ ಬಿಟ್ಟಿರಿ? ನೆಫ್ ಈ ವಿಚಾರ ತೆಗೆದುಕೊಂಡದ್ದೇ ಬೌದ್ಧರಿಂದ. ಎಲ್ಲರಿಗೂ ಒಳಿತು ಬಯಸುವ ಅವರ ಮೈತ್ರಿ ಧ್ಯಾನದ ಹಳೆಯ ಕ್ರಮದಲ್ಲಿ ಮೊದಲು 'ನಾನು ಸುಖವಾಗಿರಲಿ' ಅಂತ ತನ್ನಿಂದ ಶುರು. ಆಮೇಲೆ ಬೇಕಾದವರು, ಕೊನೆಗೆ ಬೇಡವಾದವರು. ನಮ್ಮ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಇದೆ. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' (ರಾಜ ಅಶೋಕ) ಅಂತ ಬರೆದ ಶಿಲ್ಪ ಸಿಕ್ಕಿದ್ದು ಅಲ್ಲೇ. ಭೀಮಾ ದಂಡೆಗೆ ಕರುಣೆ ಹೊರಗಿನ ಮಾತಲ್ಲ.

ಆಪ್ತ ಸಮಾಲೋಚಕಿ, ಕಲಬುರಗಿ

ಎಲ್ಲರಿಗೂ ಧನ್ಯವಾದ. ವರದಿಯಲ್ಲಿ ಒಂದೇ ಪದ ಬೇಕಾದ ಕಡೆ 'ಸ್ವಕರುಣೆ' ಬಳಸುತ್ತೇನೆ, ಚಿತ್ತಾಪುರದವರ ಮಾತು ಒಪ್ಪಿಗೆಯಾಯಿತು. ಗೋಡೆಗೆ ಅದು ಬೇಡ. ಕರುಣೆ ಅಂದರೆ ಮೇಲಿದ್ದವರು ಕೆಳಗಿದ್ದವರಿಗೆ ತೋರಿಸುವುದು ಅನ್ನುವ ಭಾವ ಜನರಲ್ಲಿದೆ. ನನ್ನ ಹತ್ತಿರ ಬರುವವರ ಬಾಯಲ್ಲಿ ದಿನಾ ಕೇಳುವುದು 'ಅಂತಃಕರಣ'. 'ಅವರಿಗೆ ಅಂತಃಕರಣ ಭಾಳ ರೀ' ಅಂತಾರೆ. ದರ್ಶನಗಳಲ್ಲಿ ಅದು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಇರಬಹುದು. ನಮ್ಮ ಓಣಿಯಲ್ಲಿ ಅದಕ್ಕೆ ಇನ್ನೊಬ್ಬರ ನೋವಿಗೆ ಮಿಡಿಯುವುದು ಅಂತಲೇ ಅರ್ಥ. ಮೇಲು ಕೀಳು ಅದರಲ್ಲಿಲ್ಲ.

ಇನ್ನೊಂದು ಮಾತು. ನನ್ನ ಮೇಲೆ ನಾನೇ ಮೆತ್ತಗಾದರೆ ಸೋಮಾರಿ ಆಗ್ತೀನಿ ಅಂತ ತುಂಬ ಜನ ಹೆದರುತ್ತಾರೆ. ಬ್ರೈನ್ಸ್ ಮತ್ತು ಚೆನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಇದರ ಬಗ್ಗೆಯೇ. ಕಷ್ಟದ ಪರೀಕ್ಷೆಯೊಂದರಲ್ಲಿ ಎಡವಿದವರಿಗೆ ತಮ್ಮ ಮೇಲೆ ಕರುಣೆ ಇಟ್ಟುಕೊಳ್ಳಿ ಅಂತ ಹೇಳಿದಾಗ ಅವರು ಮುಂದಿನ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದರು. ಎರಡನೇ ಸಾಲು ಅದಕ್ಕಾಗಿಯೇ ಇಟ್ಟಿದ್ದೇನೆ.

ಬೇರೆಯವರಿಗೆ ತೋರಿಸುವ ಅಂತಃಕರಣ ನಿಮಗೂ ಇರಲಿ.
ತಪ್ಪಾದರೆ ಬೈದುಕೊಳ್ಳಬೇಡಿ, ತಿದ್ದಿಕೊಳ್ಳಿ.
ಕಷ್ಟ ನಿಮಗೊಬ್ಬರಿಗೇ ಬಂದಿಲ್ಲ.
ಮಾತಾಡಬೇಕು ಅನಿಸಿದರೆ ಒಳಗೆ ಬನ್ನಿ. ಫೋನಿಗೆ ಟೆಲಿ ಮಾನಸ್ 14416, ಹಗಲೂ ರಾತ್ರಿ, ಉಚಿತ.

ನಿವೃತ್ತ ಕನ್ನಡ ಅಧ್ಯಾಪಕ, ಬೀದರ್

ಮೊದಲ ಸಾಲಿನಲ್ಲಿ ವಿಭಕ್ತಿ ಸರಿಯಿಲ್ಲ. 'ನಿಮಗೂ ಇರಲಿ' ಅಂದರೆ ನಿಮಗೆ ಅಂತಃಕರಣವೇ ಇಲ್ಲ ಅಂತಾಗುತ್ತದೆ. 'ನಿಮ್ಮ ಮೇಲೂ ಇರಲಿ' ಮಾಡಿ. ಪೇಂಟರ್ ವಿಸರ್ಗ ಬಿಟ್ಟುಬಿಡುತ್ತಾರೆ, ದೊಡ್ಡ ಅಕ್ಷರದಲ್ಲಿ ಚೀಟಿ ಬರೆದುಕೊಡಿ.