ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂಚಕ್ರದಲ್ಲಿ ಕಟ-ಕಟ ಸದ್ದು: ಬೂಟ್ ಬದಲಿಸಿದರೆ ಸಾಕಾ, ಡ್ರೈವ್ ಶಾಫ್ಟೇ ಬದಲಿಸಬೇಕಾ?

ಘಟ್ಟದ ದಾರಿ:
ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್, 78,000 ಕಿ.ಮೀ. ಓಡಿದೆ. ಓಡಾಟ ಹೆಚ್ಚಾಗಿ ಸಕಲೇಶಪುರದ ಎಸ್ಟೇಟ್ ರಸ್ತೆಗಳಲ್ಲಿ, ಮಳೆಗಾಲದಲ್ಲಿ ಪೂರಾ ಕೆಸರು. ತೊಂದರೆ ಎರಡು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಯು-ಟರ್ನ್ ಮಾಡುವಾಗ ಎಡ ಮುಂಚಕ್ರದ ಕಡೆಯಿಂದ ಕಟ-ಕಟ ಸದ್ದು, ವೇಗ ಏರಿದಂತೆ ಸದ್ದೂ ಚುರುಕಾಗುತ್ತದೆ. ನೇರ ಹೋಗುವಾಗ ಏನೂ ಇಲ್ಲ. ಇನ್ನೊಂದು, ರಿವರ್ಸ್ ಬಂದು ನಿಲ್ಲಿಸಿ ಫಸ್ಟ್ ಗೇರಿನಲ್ಲಿ ಹೊರಟಾಗ ಒಂದೇ ಒಂದು ಸಲ 'ಟಕ್'. ಎಡ ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದೆ. ಗ್ಯಾರೇಜಿನವರು ಎರಡೂ ಕಡೆ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಪೂರ್ತಿ ಬದಲಿಸಿ ಅಂತಿದ್ದಾರೆ. ಹೊಸ ಬೂಟ್ (ಜಾಯಿಂಟಿನ ರಬ್ಬರ್ ಹೊದಿಕೆ) ಹಾಕಿ ಗ್ರೀಸ್ ತುಂಬಿಸಿದರೆ ಸಾಲದೇ?

ಗೇರ್‌ಪೆಟ್ಟಿಗೆ:
ಎರಡು ಸದ್ದನ್ನೂ ಬೇರೆ ಬೇರೆಯಾಗಿ ನೋಡಿ ಸರ್. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ.

ತಿರುವಿನಲ್ಲಿ ಚಕ್ರದ ವೇಗಕ್ಕೆ ತಕ್ಕಂತೆ ಬರುವ ಕಟ-ಕಟ, ಜೊತೆಗೆ ರಿಮ್ಮಿಗೆ ಸಿಡಿದ ಗ್ರೀಸ್: ಇದು ಹೊರ ಸಿವಿ ಜಾಯಿಂಟಿನ, ಅಂದರೆ ಶಾಫ್ಟಿನ ಚಕ್ರದ ತುದಿಯಲ್ಲಿ ಚಕ್ರ ವಾಲಿದಾಗಲೂ ಶಕ್ತಿ ದಾಟಿಸುವ ಕೀಲಿನ ಗುರುತು. ಆ ಜಾಯಿಂಟಿನಲ್ಲಿ ಆರು ಉಕ್ಕಿನ ಬಾಲುಗಳು ಬಾಗಿದ ಗ್ರೂವ್‌ಗಳೊಳಗೆ ಕೂತಿರುತ್ತವೆ. ನೇರ ರಸ್ತೆಯಲ್ಲಿ ಬಾಲುಗಳು ಗ್ರೂವ್‌ನ ನಡುಭಾಗದಲ್ಲೇ ಇದ್ದು ಭಾರ ಹೊರುತ್ತವೆ, ಹೆಚ್ಚು ಅಲುಗುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಚಕ್ರ ಸುತ್ತಿದಷ್ಟು ಸಲವೂ ಪ್ರತಿ ಬಾಲು ಗ್ರೂವ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಬೇಕು. ನಡುಭಾಗ ಸವೆದು ಗುಳಿ ಬಿದ್ದಿದ್ದರೆ ಬಾಲು ಆ ಗುಳಿಗೆ ಇಳಿದು ಹತ್ತುವಾಗ ಕಟ್ ಅನ್ನುತ್ತದೆ. ನೇರ ಹೋಗುವಾಗ ಸದ್ದಿಲ್ಲ ಅಂದ ಮಾತ್ರಕ್ಕೆ ಜಾಯಿಂಟ್ ಚೆನ್ನಾಗಿದೆ ಅಂತ ಅಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸದ್ದು ಶುರುವಾದ ಮೇಲೆ ಬೂಟು, ಗ್ರೀಸು ಎಷ್ಟೇ ಹೊಸದಾಗಿದ್ದರೂ ಗುಳಿ ತುಂಬುವುದಿಲ್ಲ. ಗ್ರೀಸ್ ದಪ್ಪಗೆ ಕೂತಿರುವವರೆಗೆ ಸದ್ದು ಸ್ವಲ್ಪ ಅಡಗುತ್ತದೆ, ಮತ್ತೆ ಬರುತ್ತದೆ. ಬೂಟ್ ಹರಿದಿದೆ ಆದರೆ ಸದ್ದಿಲ್ಲ, ಗ್ರೀಸಿನಲ್ಲಿ ಮಣ್ಣು ಸೇರಿಲ್ಲ ಅನ್ನುವ ಹಂತದಲ್ಲಿ ಸಿಕ್ಕಿದ್ದರೆ ಬೂಟ್ ಕಿಟ್ ಒಂದೇ ಸಾಕಿತ್ತು.

ಆದರೆ ದುಡ್ಡು ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಖಾಲಿ ಮೈದಾನದಲ್ಲಿ ಪೂರ್ತಿ ಬಲಕ್ಕೆ ತಿರುಗಿಸಿ, ಫಸ್ಟ್ ಗೇರಿನಲ್ಲಿ ಸ್ವಲ್ಪ ಎಕ್ಸಲರೇಟರ್ ಒತ್ತಿ ಸುತ್ತು ಹಾಕಿ. ಒತ್ತಿದಾಗ ಸದ್ದು ಏರಿ, ಕಾಲು ತೆಗೆದಾಗ ಇಳಿಯಬೇಕು. ಅದೇ ಸುತ್ತು ರಿವರ್ಸಿನಲ್ಲೂ ಹಾಕಿ. ಗ್ರೂವ್‌ನಲ್ಲಿ ಮುಂದೆ ಹೋಗುವಾಗ ಭಾರ ಹೊರುವ ಗೋಡೆ ಬೇರೆ, ರಿವರ್ಸಿನಲ್ಲಿ ಹೊರುವ ಗೋಡೆ ಬೇರೆ. ಮುಂದಕ್ಕೆ ಜೋರು, ಹಿಂದಕ್ಕೆ ಕಡಿಮೆ ಅಂತಾದರೆ ಜಾಯಿಂಟಿನ ಸವೆತ ಅನ್ನುವುದು ಹೆಚ್ಚುಕಡಿಮೆ ಖಚಿತ. ಕಾರು ನಿಂತಿರುವಾಗಲೇ ಸ್ಟೇರಿಂಗ್ ತಿರುಗಿಸಿದರೆ ಸದ್ದು ಬರುವುದಾದರೆ ಅದು ಸಿವಿ ಜಾಯಿಂಟ್ ಅಲ್ಲ. ಸಸ್ಪೆನ್ಷನ್ನಿನಲ್ಲಿ ಸ್ಟ್ರಟ್ ಮೇಲಿನ ಬೇರಿಂಗ್, ಲೋವರ್ ಆರ್ಮ್ ಬಾಲ್ ಜಾಯಿಂಟ್ ನೋಡಬೇಕು.

ಯಾವ ಕಡೆಯದು ಅನ್ನುವುದನ್ನು ಕಿವಿ ನಂಬಿ ತೀರ್ಮಾನಿಸಬೇಡಿ. ಬಲ ತಿರುವಿನಲ್ಲಿ ಹೆಚ್ಚು ಭಾರ ಎಡ ಚಕ್ರದ ಮೇಲೆ, ಆದರೆ ಹೆಚ್ಚು ಕೋನಕ್ಕೆ ತಿರುಗುವುದು ಬಲ ಚಕ್ರ. ಅದಕ್ಕೇ ಎರಡೂ ಕಡೆಯ ಬೂಟುಗಳ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಸೀಳು ಹೆಚ್ಚಾಗಿ ಮಡಿಕೆಯ ತಳದಲ್ಲಿರುತ್ತದೆ, ಸ್ಟೇರಿಂಗ್ ನೇರ ಇದ್ದರೆ ಸುಲಭವಾಗಿ ಕಾಣುವುದಿಲ್ಲ.

ಇನ್ನು ಆ ಒಂಟಿ 'ಟಕ್'. ದಿಕ್ಕು ಬದಲಾದಾಗ ಒಂದೇ ಸಲ ಬಂದು ನಿಲ್ಲುವುದಾದರೆ ಹಬ್ ನಟ್ (ಶಾಫ್ಟಿನ ತುದಿಯನ್ನು ಚಕ್ರದ ಹಬ್ಬಿಗೆ ಬಿಗಿಯುವ ದೊಡ್ಡ ನಟ್) ಸಡಿಲವಾಗಿರಬಹುದು, ಹಬ್ಬಿನ ಸ್ಪ್ಲೈನ್ (ಶಾಫ್ಟನ್ನು ಹಿಡಿದುಕೊಳ್ಳುವ ಹಲ್ಲುಗಳು) ಒಣಗಿ ಅಲುಗುತ್ತಿರಬಹುದು, ಎಂಜಿನ್ ಹಿಡಿದಿರುವ ಮೌಂಟ್ ಹೋಗಿರಬಹುದು, ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟಿನಲ್ಲಿ ಆಟ ಬಂದಿರಬಹುದು. ಮೊದಲು ಹಬ್ ನಟ್ ನೋಡಿ, ಖರ್ಚಿಲ್ಲದ್ದು ಅದೇ. ಆಮೇಲೆ ಬಾನೆಟ್ ತೆರೆದಿಟ್ಟು, ಬ್ರೇಕ್ ತುಳಿದುಕೊಂಡೇ ಕ್ಲಚ್ ಅರೆ ಬಿಡಿ, ಪಕ್ಕದಲ್ಲಿ ಒಬ್ಬರು ನಿಂತು ಎಂಜಿನ್ ಎಷ್ಟು ಎಗರುತ್ತದೆ ನೋಡಲಿ. ಕಾರಿನ ಮುಂದೆ ಮಾತ್ರ ಯಾರೂ ನಿಲ್ಲಬಾರದು.

ಘಟ್ಟದ ದಾರಿ:
ನೋಡಿದೆ ಸರ್. ಮುಂದಕ್ಕೆ ಜೋರು ಸದ್ದು, ರಿವರ್ಸಿನಲ್ಲಿ ಸ್ವಲ್ಪವೇ. ಎಡ ಹೊರ ಬೂಟ್ ಮಡಿಕೆಯಲ್ಲಿ ಅರ್ಧ ಸುತ್ತು ಸೀಳಿದೆ, ಒಳಗಿನ ಗ್ರೀಸ್ ಬೆರಳಿಗೆ ಮರಳು ಮರಳಾಗಿ ಸಿಗುತ್ತದೆ. ಬಲಗಡೆ ಎರಡೂ ಬೂಟಿನಲ್ಲಿ ಗ್ರೀಸ್ ಸೋರಿಲ್ಲ, ಬಿರುಕಿಲ್ಲ. ಎಂಜಿನ್ ಹೆಚ್ಚು ಎಗರುತ್ತಿಲ್ಲ. ಬಲಗಡೆಯದನ್ನೂ ಬದಲಿಸಲೇಬೇಕಾ? ಜಾಯಿಂಟ್ ಮಾತ್ರ ಸಿಗುತ್ತದಾ?

ಮೂವತ್ತೆರಡರ ಸಾಕೆಟ್:
ಬಲಗಡೆ ಮುಟ್ಟಬೇಡಿ. ಬ್ರೇಕ್ ಪ್ಯಾಡಿನ ಹಾಗೆ ಜೋಡಿಯಾಗಿ ಬದಲಿಸುವ ವಸ್ತು ಅಲ್ಲ ಇದು. ಬೂಟ್ ಭದ್ರವಾಗಿದ್ದು ಒಳಗೆ ಗ್ರೀಸ್ ಇದ್ದರೆ ಸಿವಿ ಜಾಯಿಂಟ್ ಲಕ್ಷ ಕಿ.ಮೀ. ದಾಟಿ ಓಡುತ್ತದೆ. ಎಡ-ಬಲ ಶಾಫ್ಟ್ ಅದಲು ಬದಲು ಮಾಡಿ ಹಾಕಿಸಿ ಅನ್ನುವ ಸಲಹೆಯೂ ಬರಬಹುದು. ಗೇರ್‌ಬಾಕ್ಸ್ ಒಂದು ಪಕ್ಕಕ್ಕಿರುವ ಇಂಥ ಕಾರುಗಳಲ್ಲಿ ಎರಡು ಶಾಫ್ಟಿನ ಉದ್ದ ಸಾಮಾನ್ಯವಾಗಿ ಬೇರೆ ಬೇರೆ, ಕೂರುವುದೇ ಇಲ್ಲ.

ಎಡಗಡೆಗೆ ಏನು ಕೊಳ್ಳಬೇಕು ಅನ್ನುವುದು ಮಾದರಿಯ ಮೇಲೆ ನಿಂತಿದೆ. ಕೆಲವು ಕಾರುಗಳಲ್ಲಿ ಹೊರ ಜಾಯಿಂಟ್ ಶಾಫ್ಟಿನ ತುದಿಗೆ ಸರ್ಕ್ಲಿಪ್ಪಿನಿಂದ (ಬಾಯ್ದೆರೆದ ಉಕ್ಕಿನ ಉಂಗುರ) ಹಿಡಿದಿರುತ್ತದೆ. ಹಿತ್ತಾಳೆ ತುಂಡನ್ನು ಜಾಯಿಂಟಿನ ಒಳ ರೇಸಿಗೆ (ಬಾಲುಗಳ ಒಳಗಿನ ಉಂಗುರ) ಆನಿಸಿ ಸುತ್ತಿಗೆಯಿಂದ ಒಂದೆರಡು ಗಟ್ಟಿ ಏಟು ಕೊಟ್ಟರೆ ಕಳಚುತ್ತದೆ. ಇಂಥದ್ದಾದರೆ ಹೊರ ಜಾಯಿಂಟ್ ಕಿಟ್ ಸಾಕು. ಸುಜುಕಿ ಮೂಲದ ಹಲವು ಸಣ್ಣ ಕಾರುಗಳಲ್ಲಿ ಹೊರ ಜಾಯಿಂಟನ್ನು ಬಿಚ್ಚಬಾರದು ಎಂದು ಸರ್ವಿಸ್ ಮ್ಯಾನುಯಲ್ಲೇ ಹೇಳುತ್ತದೆ. ಅಲ್ಲಿ ಹೊರ ಬೂಟ್ ಹಾಕುವುದಕ್ಕೂ ಒಳ ತುದಿಯ ಟ್ರೈಪಾಡ್ (ಮೂರು ರೋಲರಿನ ಜಾಯಿಂಟ್) ಬಿಚ್ಚಿ ಶಾಫ್ಟಿನ ಉದ್ದಕ್ಕೂ ಬೂಟ್ ಜಾರಿಸಬೇಕು. ಜಾಯಿಂಟ್ ಸವೆದಿದ್ದರೆ ಶಾಫ್ಟ್ ಸಮೇತ ಅಸೆಂಬ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ತರಿಸುವುದಾದರೆ ಮಾದರಿ, ವರ್ಷ, ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡುವ ವ್ಯವಸ್ಥೆ) ಇದೆಯೋ ಇಲ್ಲವೋ ಎಲ್ಲ ಹೇಳಿ. ಎಬಿಎಸ್ ಕಾರುಗಳಲ್ಲಿ ಸೆನ್ಸರ್‌ನ ಹಲ್ಲಿನ ಉಂಗುರ ಜಾಯಿಂಟಿನ ಮೇಲೆಯೇ ಇರುವುದುಂಟು. ಉಂಗುರ ಇಲ್ಲದ ಜಾಯಿಂಟ್ ಕೂತರೆ ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಆರುವುದಿಲ್ಲ. ಹಳೆಯ ಜಾಯಿಂಟಿನ ಹೊರ, ಒಳ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ ಹೊಸದರ ಜೊತೆ ತಾಳೆ ನೋಡಿಯೇ ದುಡ್ಡು ಕೊಡಿ.

ಕೆಲಸ ಹೀಗೆ. ಚಕ್ರ ನೆಲದ ಮೇಲಿರುವಾಗಲೇ, ಬ್ರೇಕ್ ತುಳಿದು ಹಿಡಿಸಿ ಹಬ್ ನಟ್ ಸಡಿಲಿಸಿ. ಸಾಕೆಟ್ ಬಹುಪಾಲು 30 ಅಥವಾ 32 ಎಂಎಂ. ನಟ್ಟಿನ ಅಂಚನ್ನು ಶಾಫ್ಟಿನ ಗ್ರೂವ್‌ಗೆ ತಟ್ಟಿ ಮಡಚಿದ್ದರೆ ಮೊದಲು ಅದನ್ನು ಎಬ್ಬಿಸಿ, ಇಲ್ಲವಾದರೆ ಶಾಫ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ. ಹಾಗೆ ಮಡಚಿದ ನಟ್ಟನ್ನು ಮತ್ತೆ ಬಳಸಬೇಡಿ. ಆಮೇಲೆ ಜಾಕಿ ಕೊಟ್ಟು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ತೆಗೆದು, ಗೇರ್ ಆಯಿಲ್ ಪಾತ್ರೆಗೆ ಇಳಿಸಿ. ಶಾಫ್ಟ್ ಹೊರಬಂದ ತಕ್ಷಣ ಆ ತೂತಿನಿಂದ ಆಯಿಲ್ ಸುರಿಯುತ್ತದೆ. ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬೋಲ್ಟ್ ಬಿಚ್ಚಿ, ಹಬ್ಬನ್ನು ಹೊರಕ್ಕೆ ವಾಲಿಸಿ, ಶಾಫ್ಟಿನ ತುದಿ ಬಿಡಿಸಿ. ತುಕ್ಕು ಹಿಡಿದಿದ್ದರೆ ಹಳೆ ನಟ್ಟನ್ನು ತುದಿಗೆ ತಿರುಗಿಸಿಟ್ಟು ಅದರ ಮೇಲೆ ಹೊಡೆಯಿರಿ, ಬರಿಯ ಮರೆಗೆ ಹೊಡೆಯಬೇಡಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯದಂತೆ ನೋಡಿಕೊಳ್ಳಿ.

ಒಳ ತುದಿ ಬಿಡಿಸುವಾಗ ಶಾಫ್ಟ್ ಹಿಡಿದು ಎಳೆಯಬೇಡಿ. ಎಳೆದರೆ ಟ್ರೈಪಾಡ್ ತನ್ನ ಕಪ್ಪಿನಿಂದ ಹೊರಬಂದು ಒಳ ಬೂಟೂ ಹರಿಯುತ್ತದೆ. ಗೇರ್‌ಬಾಕ್ಸಿಗೂ ಜಾಯಿಂಟಿನ ಕಪ್ಪಿಗೂ ನಡುವೆ ಸಣ್ಣ ಸಲಾಕೆ ಇಟ್ಟು ಒಮ್ಮೆ ಮೀಟಿದರೆ ಕ್ಲಿಪ್ ಬಿಡುತ್ತದೆ. ಬಿಟ್ಟ ಮೇಲೆ ಆಯಿಲ್ ಸೀಲ್ ನೋಡಿ, ಗಟ್ಟಿಯಾಗಿದ್ದರೆ ಈಗಲೇ ಬದಲಿಸಿ. ಹಾಕುವಾಗ ಹೊಸ ಕ್ಲಿಪ್ ಇರಲಿ, ಸೀಲಿನ ತುಟಿಗೆ ಗೇರ್ ಆಯಿಲ್ ಸವರಿ, ನೇರವಾಗಿ ಒತ್ತಿ. ಕ್ಲಿಕ್ ಅಂದ ಮೇಲೆ ಕಪ್ ಹಿಡಿದು ಮೆಲ್ಲಗೆ ಜಗ್ಗಿ, ಕೂತಿದೆಯೋ ನೋಡಿ.

ಹಬ್ ನಟ್ಟಿಗೆ ಟಾರ್ಕ್ (ಬಿಗಿತದ ಅಳತೆ) ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 170ರಿಂದ 250 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಮಾದರಿಗೆ ಮ್ಯಾನುಯಲ್ ಹೇಳಿದ್ದೇ ಅಂತಿಮ. ಇಂಪ್ಯಾಕ್ಟ್ ಗನ್ನಿನಿಂದ ಗರ್ ಅನಿಸಿ ಬಿಡುವುದು ಬೇಡವೇ ಬೇಡ. ಕಡಿಮೆಯಾದರೆ ಆ ನಿಮ್ಮ 'ಟಕ್' ಮರಳಿ ಬರುತ್ತದೆ, ವೀಲ್ ಬೇರಿಂಗೂ ಹೋಗುತ್ತದೆ. ಶಾಫ್ಟ್ ಇಲ್ಲದೆ ಅಥವಾ ನಟ್ ಬಿಗಿಯದೆ ಕಾರನ್ನು ಚಕ್ರದ ಮೇಲೆ ತಳ್ಳಲೂ ಬಾರದು. ಎಷ್ಟೋ ಕಾರುಗಳಲ್ಲಿ ಬೇರಿಂಗನ್ನು ಒತ್ತಿ ಹಿಡಿದಿರುವುದೇ ಆ ನಟ್ಟು.

ಗೇರ್‌ಪೆಟ್ಟಿಗೆ:
ಗ್ರೀಸ್ ವಿಚಾರ ಸೇರಿಸುತ್ತೇನೆ, ಅರ್ಧ ಕೆಲಸ ಕೆಡುವುದು ಅಲ್ಲೇ. ಹೊರ ಜಾಯಿಂಟಿಗೆ ಬೇಕಿರುವುದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್. ಡಬ್ಬದಲ್ಲಿರುವ ಮಾಮೂಲಿ ವೀಲ್ ಬೇರಿಂಗ್ ಗ್ರೀಸ್ ಆ ಒತ್ತಡಕ್ಕೆ ತಡೆಯುವುದಿಲ್ಲ. ಸಣ್ಣ ಕಾರಿನ ಹೊರ ಜಾಯಿಂಟಿಗೆ ಸುಮಾರು 70ರಿಂದ 120 ಗ್ರಾಂ ಹಿಡಿಯುತ್ತದೆ. ಕಿಟ್ಟಿನ ಜೊತೆ ಬರುವ ಪೊಟ್ಟಣವೇ ಅಳತೆ. ಅರ್ಧಕ್ಕಿಂತ ಹೆಚ್ಚು ಬಾಲುಗಳ ನಡುವೆ ಒತ್ತಿ ತುಂಬಿ, ಉಳಿದದ್ದು ಬೂಟಿಗೆ. ಒಳ ಟ್ರೈಪಾಡಿಗೆ ಬೇರೆ ಗ್ರೀಸ್ ಕೊಟ್ಟಿದ್ದರೆ ಎರಡನ್ನೂ ಬೆರೆಸಬೇಡಿ. ಹೆಚ್ಚು ತುಂಬಿದರೆ ಬಾಳಿಕೆ ಹೆಚ್ಚುವುದಿಲ್ಲ, ಬೂಟ್ ಉಬ್ಬಿ ಅದನ್ನು ಬಿಗಿದ ಬ್ಯಾಂಡ್ ಜಾರುತ್ತದೆ.

ಟ್ರೈಪಾಡ್ ಬಿಚ್ಚುವುದಾದರೆ ಶಾಫ್ಟ್, ಸ್ಪೈಡರ್ (ರೋಲರ್ ಕೂರುವ ಮೂರು ಕವಲಿನ ತುಂಡು), ಕಪ್ ಮೂರಕ್ಕೂ ಪೇಂಟಿನಿಂದ ಗುರುತು ಹಾಕಿ, ಮೂರು ರೋಲರ್ ಉದುರದಂತೆ ಟೇಪ್ ಸುತ್ತಿ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಮತ್ತೆ ಬಳಸುವ ಬೂಟನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ, ಸೀಮೆಎಣ್ಣೆ ತಾಗಿದರೆ ರಬ್ಬರ್ ಉಬ್ಬುತ್ತದೆ. ಸಣ್ಣ ಬ್ಯಾಂಡ್ ಬಿಗಿದ ಮೇಲೆ, ದೊಡ್ಡ ಬ್ಯಾಂಡ್ ಬಿಗಿಯುವ ಮುಂಚೆ, ಮೊಂಡು ಸ್ಕ್ರೂಡ್ರೈವರನ್ನು ಬೂಟಿನ ಅಂಚಿನಡಿ ತೂರಿಸಿ ಗಾಳಿ ಬಿಡಿ. ಗಾಳಿ ಸಿಕ್ಕಿಕೊಂಡರೆ ಮಡಿಕೆ ಒಳಕ್ಕೆ ಕುಸಿದೋ ಹೊರಕ್ಕೆ ಉಬ್ಬಿಯೋ ಉಜ್ಜಿ ಹರಿಯುತ್ತದೆ. ಬ್ಯಾಂಡ್ ಲೋಹದ್ದೇ ಇರಲಿ, ಪ್ಲಾಸ್ಟಿಕ್ ಟೈ ಬೇಡ. ಅಂಟು ಹಾಕಿ ಕೂಡಿಸುವ ಸೀಳು ಬೂಟ್ ಊರು ಮುಟ್ಟಿಸಲು ಸರಿ, ನಿಮ್ಮ ಕೆಸರಿನ ರಸ್ತೆಗೆ ಅಲ್ಲ.

ಘಟ್ಟದ ದಾರಿ:
ಅರ್ಥವಾಯಿತು, ಎಡಗಡೆ ಮಾತ್ರ ಮಾಡಿಸುತ್ತೇನೆ. ಪಾರ್ಟ್ ಬರುವವರೆಗೆ ಓಡಿಸಬಹುದಾ? ಒಳ ಜಾಯಿಂಟ್ ಹೋಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಮೂವತ್ತೆರಡರ ಸಾಕೆಟ್:
ಒಳ ಜಾಯಿಂಟ್ ಸವೆದರೆ ಕಟ-ಕಟ ಅನ್ನುವುದಿಲ್ಲ. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಕಾರಿನ ಮೂತಿ ಅಡ್ಡಡ್ಡ ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಒಂದೇ ಸಮನೆ ಗುಂಯ್ ಅನ್ನುತ್ತಿದ್ದು, ಎಕ್ಸಲರೇಟರ್ ಒತ್ತಿದರೂ ಬಿಟ್ಟರೂ ಬದಲಾಗದಿದ್ದರೆ ಅದು ವೀಲ್ ಬೇರಿಂಗ್.

ಹತ್ತಿರದ ಓಡಾಟಕ್ಕೆ ತೊಂದರೆಯಿಲ್ಲ. ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ಎಕ್ಸಲರೇಟರ್ ಜೋರಾಗಿ ಒತ್ತಬೇಡಿ, ಜಾಯಿಂಟಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಆಗ. ನೇರ ಹೋಗುವಾಗಲೂ ಸದ್ದು ಶುರುವಾದರೆ ನಿಲ್ಲಿಸಿಬಿಡಿ. ಜಾಯಿಂಟ್ ಮುರಿದರೆ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಮುರಿದ ಕಡೆಗೇ ತಿರುಗಿಸುತ್ತದೆ, ಎಂಜಿನ್ ಕೂಗಿದರೂ ಕಾರು ಮುಂದಕ್ಕೆ ಹೋಗದು. ಘಟ್ಟದ ಏರಿನಲ್ಲಿ ಹಾಗಾದರೆ ಬ್ರೇಕು, ಹ್ಯಾಂಡ್‌ಬ್ರೇಕೇ ಗತಿ. ಅದಕ್ಕೇ ಶಿರಾಡಿ ಕಡೆ ಇಳಿಯುವ ಯೋಚನೆಯಿದ್ದರೆ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಿ. ಹೊಸದು ಹಾಕಿಸಿ 500 ಕಿ.ಮೀ. ಆದಾಗ ಬ್ಯಾಂಡ್, ಆಯಿಲ್ ಸೀಲಿನ ಸುತ್ತ ತೇವ, ಗೇರ್ ಆಯಿಲ್ ಮಟ್ಟ ನೋಡಿ. ಆಮೇಲೆ ಪ್ರತಿ ಮಳೆಗಾಲಕ್ಕೆ ಮೊದಲೂ ಮುಗಿದ ಮೇಲೂ ನಾಲ್ಕೂ ಬೂಟಿನ ಮಡಿಕೆ ಬಿಡಿಸಿ ನೋಡಿಸಿ.