ಅಪ್‌ಡೇಟ್: ಬಿಎಸ್ಸಿ ಅಗ್ರಿ ಆದಮೇಲೆ ಓದಾ, ಕೆಲಸಾನಾ?

ಎರಡು ವಾರದ ಹಿಂದೆ ಕೇಳಿದ್ದೆ: ಬಿಎಸ್ಸಿ ಅಗ್ರಿ ಮುಗಿದಿದೆ, ಸುಸ್ಥಿರ ಕೃಷಿಯಲ್ಲಿ ಮುಂದೆ ಓದಲಾ, ಕೆಲಸಕ್ಕೆ ಸೇರಲಾ ಅಂತ. ಓದೋದೇ ಸರಿ ಅನ್ನಿಸಿತು.

"ಕೋರ್ಸಿನ ಹೆಸರಲ್ಲಿ ‘ಸುಸ್ಥಿರ’ ಹುಡುಕಬೇಡಿ, ಅಗ್ರಾನಮಿ (ಬೆಳೆ ಬೆಳೆಯೋ ಶಾಸ್ತ್ರ) ತಗೊಂಡು ಥೀಸಿಸ್ ಸಾವಯವದ ಮೇಲೆ ಮಾಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ಧಾರವಾಡ ಕೃಷಿ ವಿವಿಯಲ್ಲಿ ಸಾವಯವ ಕೃಷಿಗೇ ಒಂದು ಸಂಸ್ಥೆ ಇದೆ, ನನ್ನ ಮೊದಲ ಆಯ್ಕೆ ಅದೇ. ಪ್ರವೇಶ ಪರೀಕ್ಷೆಗೆ ಓದು ಶುರುವಾಗಿದೆ. ವಿದೇಶಕ್ಕೆ ಹೋಗಿ ಅನ್ನೋ ಸಲಹೆ ಚೆನ್ನಾಗಿತ್ತು, ಆದ್ರೆ ನನ್ನ ಜೇಬು ಒಪ್ಪಲಿಲ್ಲ.

ಗೊತ್ತೇ ಇರದಿದ್ದ ದಾರಿ ಒಂದು ಸಿಕ್ಕಿತು: ಸಾವಯವ ಪ್ರಮಾಣಪತ್ರದ ಇನ್‌ಸ್ಪೆಕ್ಟರ್ ಕೆಲಸ. ರಾಗಿಯಂಥ ಬೆಳೆಗೆ 2 ವರ್ಷ, ಅಡಿಕೆ, ಕಾಫಿಯಂಥ ತೋಟದ ಬೆಳೆಗೆ 3 ವರ್ಷ ಪರಿವರ್ತನೆ ಅವಧಿ, ಅಂದ್ರೆ ರಾಸಾಯನಿಕ ಬಿಟ್ಟು ಸಾವಯವಕ್ಕೆ ಬಂದಮೇಲೆ ಪ್ರಮಾಣಪತ್ರಕ್ಕೆ ಕಾಯೋ ಕಾಲ. ಅಷ್ಟು ಕಾಲ ಹೊಲ, ದಾಖಲೆ ಎರಡನ್ನೂ ನೋಡೋರು ಬೇಕಲ್ವಾ!